ಇಂಗ್ಲಿಷ್ ಕೈತೋಟಕ್ಕೆ ವಸಂತ ಬಂದದ್ದು ಎಲ್ಲಿಂದ?

ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮ್ಮವರಲ್ಲಿ ಬಹುಪಾಲು ಜನ ಆ ಹೂವನ್ನು ಕಣ್ಣಾರೆ ಕಂಡವರಲ್ಲ. ಆದರೂ ಇಂಗ್ಲೆಂಡಿನ ವಸಂತವೆಂದರೆ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಇದ್ದೇ ಇದೆ: ಇಟ್ಟಿಗೆಯ ಪುಟ್ಟ ಮನೆ, ಮುಂದೊಂದು ಹುಲ್ಲುಹಾಸು, ಅದರ ಅಂಚಿಗೆ ಟ್ಯುಲಿಪ್ ಸಾಲು, ಗೋಡೆಗೆ ಹಬ್ಬಿದ ನೇರಳೆ ಬಣ್ಣದ ವಿಸ್ಟೀರಿಯ ಬಳ್ಳಿ, ಗೇಟಿನ ಬಳಿ ಹೂ ತುಂಬಿದ ಚೆರಿ ಮರ. ಇದಕ್ಕಿಂತ ಇಂಗ್ಲಿಷಾದ ನೋಟ ಇನ್ನೊಂದಿಲ್ಲ ಎನ್ನಿಸುತ್ತದೆ. ಆದರೆ ಒಂದೊಂದೇ ಗಿಡದ ಊರು, ಮನೆತನ ವಿಚಾರಿಸುತ್ತ ಹೋದರೆ ಅಲ್ಲಿ ಅಪ್ಪಟ ಇಂಗ್ಲಿಷ್ ಎನ್ನಬಹುದಾದದ್ದು ತೀರ ಕಡಿಮೆ.

ಆ ದ್ವೀಪದ ಸ್ವಂತ ವಸಂತ ಸರಳವಾದದ್ದು. ಬೇಲಿಯಲ್ಲಿ ಬ್ಲ್ಯಾಕ್‌ಥಾರ್ನ್ ಪೊದೆಯ ಬಿಳಿ ಹೂ, ಬದುಗಳ ಮೇಲೆ ತಿಳಿಹಳದಿ ಪ್ರಿಮ್‌ರೋಸ್, ಗಾತ್ರದಲ್ಲಿ ಚಿಕ್ಕದಾದ ಕಾಡು ಡ್ಯಾಫೊಡಿಲ್, ಮರಗಳು ಎಲೆ ತುಂಬಿಕೊಳ್ಳುವ ಮೊದಲು ಕಾಡಿನ ನೆಲಕ್ಕೆಲ್ಲ ನೀಲಿ ಹಾಸುವ ಬ್ಲೂಬೆಲ್, ಕೊನೆಗೆ ಹಾಥಾರ್ನ್. ಇಷ್ಟರಲ್ಲೇ ಅದು ಮುಗಿಯುತ್ತಿತ್ತು. ಚಳಿಗಾಲದ ಕೊನೆಯಲ್ಲಿ ತಲೆಯೆತ್ತುವ ಸ್ನೋಡ್ರಾಪ್ ಕೂಡ ಹದಿನಾರನೆಯ ಶತಮಾನದಲ್ಲಿ ಹೊರಗಿನಿಂದ ಬಂದು ತೋಟದಿಂದ ಕಾಡಿಗೆ ಹೋದದ್ದಿರಬೇಕೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ.

ಉಳಿದವರೆಲ್ಲ ಬಂದವರು. ಟ್ಯುಲಿಪ್ ತುರ್ಕಿಯ ಸುಲ್ತಾನರ ತೋಟಗಳಿಂದ ಯೂರೋಪಿಗೆ ನಡೆದುಬಂತು. 1637ರಲ್ಲಿ ಹಾಲೆಂಡಿನಲ್ಲಿ ಅದರ ಗೆಡ್ಡೆಯ ಬೆಲೆ ಮುಗಿಲಿಗೇರಿ ಒಮ್ಮೆಲೇ ಕುಸಿದ ಕತೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ವಿಸ್ಟೀರಿಯ ಚೀನಾದ ಕ್ಯಾಂಟನ್ ನಗರದಿಂದ 1816ರಲ್ಲಿ ಹಡಗೇರಿತು. ಕಳಿಸಿದವನು ಜಾನ್ ರೀವ್ಸ್. ಈಸ್ಟ್ ಇಂಡಿಯಾ ಕಂಪನಿಗೆ ಚಹಾ ಪರೀಕ್ಷಿಸಿ ಕೊಡುವುದು ಅವನ ಕೆಲಸ, ಗಿಡ ಸಂಗ್ರಹ ಅವನ ಹವ್ಯಾಸ.

ಆದರೆ ಆ ಕಾಲದಲ್ಲಿ ತಿಂಗಳುಗಟ್ಟಲೆ ಉಪ್ಪುಗಾಳಿಯಲ್ಲಿ ಸಾಗಿದ ಗಿಡಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸಾಯುತ್ತಿದ್ದವು. ಇದಕ್ಕೆ ಪರಿಹಾರ ಸಿಕ್ಕಿದ್ದು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬಾತನಿಂದ. ಮುಚ್ಚಿಟ್ಟ ಬಾಟಲಿಯೊಳಗೆ ನೀರು ಹಾಕದೆಯೂ ಜರೀಗಿಡ ಬೆಳೆದದ್ದನ್ನು ಆತ 1829ರ ಸುಮಾರಿಗೆ ಗಮನಿಸಿದ. ಒಳಗಿನ ತೇವವೇ ಆವಿಯಾಗಿ, ಹನಿಯಾಗಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಇದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆ ತೋಟಗಾರಿಕೆಯ ದಿಕ್ಕನ್ನೇ ಬದಲಿಸಿತು. ರಾಬರ್ಟ್ ಫಾರ್ಚೂನ್ 1840ರ ದಶಕದಲ್ಲಿ ಇಂಥ ಪೆಟ್ಟಿಗೆಗಳಲ್ಲಿಯೇ ಚೀನಾದ ಗಿಡಗಳನ್ನು ಇಂಗ್ಲೆಂಡಿಗೆ ಸಾಗಿಸಿದ. ಬರಿಗೊಂಬೆಯ ಮೇಲೆ ಹಳದಿ ಹೂಬಿಡುವ ಫಾರ್ಸಿತಿಯ, ಚಳಿಗಾಲದ ಮಲ್ಲಿಗೆ ಅವನ ಕೊಡುಗೆಗಳು. ಮುಂದೆ ಅದೇ ಪೆಟ್ಟಿಗೆಗಳಲ್ಲಿ ಕಂಪನಿಗಾಗಿ ಅವನು ಚೀನಾದ ಸಾವಿರಾರು ಚಹಾ ಸಸಿಗಳನ್ನು ಗುಟ್ಟಾಗಿ ಹಿಮಾಲಯದ ತಪ್ಪಲಿಗೆ ತಂದ. ಕೈತೋಟದ ಹೂವೂ ಸಾಮ್ರಾಜ್ಯದ ವ್ಯಾಪಾರವೂ ಒಂದೇ ಪೆಟ್ಟಿಗೆಯ ಪ್ರಯಾಣಿಕರು.

ಹೂವಿನ ಹಿಂದೆ ರಾಜಕೀಯವೂ ಇತ್ತು. ಜೋಸೆಫ್ ಹೂಕರ್ 1848-49ರಲ್ಲಿ ಸಿಕ್ಕಿಮಿನ ಬೆಟ್ಟಗಳನ್ನು ಅಲೆದು ಹತ್ತಾರು ಜಾತಿಯ ರೋಡೊಡೆಂಡ್ರಾನ್ ಸಂಗ್ರಹಿಸಿದ. ಅನುಮತಿಯಿಲ್ಲದೆ ಟಿಬೆಟಿನ ಗಡಿ ದಾಟಿದ್ದಕ್ಕೆ ಅವನನ್ನೂ ಬ್ರಿಟಿಷ್ ಅಧಿಕಾರಿ ಕ್ಯಾಂಬೆಲ್‌ನನ್ನೂ ಸಿಕ್ಕಿಮಿನ ದಿವಾನ ಸೆರೆಹಿಡಿಸಿದ. ಇಬ್ಬರ ಬಿಡುಗಡೆಯೇನೋ ಆಯಿತು. ಆದರೆ ಇದನ್ನೇ ನೆಪಮಾಡಿಕೊಂಡು ಬ್ರಿಟಿಷರು ಮರುವರ್ಷ ಸಿಕ್ಕಿಮಿನ ತಗ್ಗುಪ್ರದೇಶವನ್ನು ಕಬಳಿಸಿದರು. ಹೂಕರ್ ಕಳಿಸಿದ ಬೀಜಗಳು ಇಂಗ್ಲೆಂಡಿನ ಸಿರಿವಂತರ ತೋಟಗಳಲ್ಲಿ ಕೆಂಪಾಗಿ ಅರಳಿದವು.

ಸಾಮಾನ್ಯ ಜನರ ಮನೆಯಂಗಳಕ್ಕೆ ಈ ವೈಭವ ಇಳಿದದ್ದು ತಡವಾಗಿ. ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನಲ್ಲಿ ಸುಮಾರು 40 ಲಕ್ಷ ಹೊಸ ಮನೆಗಳೆದ್ದವು. ಬಹಳಷ್ಟು ಮನೆಗಳಿಗೆ ಹಿಂದೆ ಮುಂದೆ ತುಸು ಜಾಗ. ಜಪಾನಿನ ಚೆರಿ ಈ ಬಡಾವಣೆಗಳ ಗುರುತೇ ಆಗಿಹೋಯಿತು. ಕಾಲಿಂಗ್‌ವುಡ್ ಇಂಗ್ರಾಮ್ ಎಂಬ ಚೆರಿಪ್ರೇಮಿಯ ಪ್ರಸಂಗ ಇಲ್ಲಿ ನೆನೆಯತಕ್ಕದ್ದು. 1923ರಲ್ಲಿ ಸಸೆಕ್ಸ್‌ನ ತೋಟವೊಂದರಲ್ಲಿ ಸಾಯುವ ಸ್ಥಿತಿಯಲ್ಲಿದ್ದ ದೊಡ್ಡ ಬಿಳಿಹೂವಿನ ಚೆರಿಯನ್ನು ಕಂಡು ಆತ ಅದರ ಕಸಿ ಕಟ್ಟಿದ. 1926ರಲ್ಲಿ ಜಪಾನಿಗೆ ಹೋದಾಗ ಅದೇ ಹೂವಿನ ಹಳೆಯ ಚಿತ್ರವನ್ನು ತೋರಿಸಿ, ಈ ತಳಿ ನಮ್ಮಲ್ಲಿ ಅಳಿದುಹೋಗಿದೆ ಎಂದರು. ಹಲವು ವಿಫಲ ಪ್ರಯತ್ನಗಳ ನಂತರ, ಆಲೂಗಡ್ಡೆಗೆ ಚುಚ್ಚಿ ಸೈಬೀರಿಯಾದ ರೈಲಿನಲ್ಲಿ ಕಳಿಸಿದ ಕಡ್ಡಿಗಳು 1932ರಲ್ಲಿ ತವರು ಸೇರಿ ಚಿಗುರಿದವು. 'ತೈಹಾಕು' ಎಂಬ ಆ ತಳಿಯ ಇಂದಿನ ಮರಗಳೆಲ್ಲ ಸಸೆಕ್ಸ್‌ನ ಆ ಒಂದೇ ಮರದ ಸಂತತಿ. ಪರಸ್ಥಳದ ಕೈತೋಟವೂ ಒಮ್ಮೊಮ್ಮೆ ತವರಿನ ಆಸ್ತಿಯನ್ನು ಕಾಪಾಡುತ್ತದೆ.

ಬಂದವರೆಲ್ಲ ಹೀಗೆ ಉಪಕಾರಿಗಳಾಗಲಿಲ್ಲ. 1763ರಲ್ಲಿ ಬಂದ 'ಪಾಂಟಿಕಮ್' ಜಾತಿಯ ರೋಡೊಡೆಂಡ್ರಾನ್ ಬೇಲಿ ಹಾರಿ, ವೇಲ್ಸ್ ಮೊದಲಾದ ಕಡೆ ಕಾಡಿನ ನೆಲಕ್ಕೆ ಬೆಳಕೇ ಬೀಳದಂತೆ ಹಬ್ಬಿತು. ತೋಟಗಳ ಸ್ಪೇನಿನ ಬ್ಲೂಬೆಲ್ ಸ್ಥಳೀಯ ಬ್ಲೂಬೆಲ್‌ನೊಂದಿಗೆ ಬೆರೆತು ಮಿಶ್ರತಳಿ ಹುಟ್ಟಿಸುತ್ತಿದೆ. ಕಾಡಿನ ಬ್ಲೂಬೆಲ್ ಗೆಡ್ಡೆ ಕಿತ್ತು ಮಾರುವುದು 1998ರಿಂದ ಅಪರಾಧ.

ಈಗ ಎದುರಾಗಿರುವುದು ಇನ್ನೂ ದೊಡ್ಡ ಬದಲಾವಣೆ. ನಾರ್ಫೋಕ್‌ನ ಜಮೀನುದಾರ ರಾಬರ್ಟ್ ಮಾರ್ಷಮ್ 1736ರಿಂದ ವರ್ಷವರ್ಷವೂ ವಸಂತದ ಮೊದಲ ಕುರುಹುಗಳನ್ನು ಬರೆದಿಡತೊಡಗಿದ. ಅವನ ವಂಶದವರು 1958ರವರೆಗೂ ಅದನ್ನು ಮುಂದುವರಿಸಿದರು. ಇಂಥ ನಾಲ್ಕು ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಕೇಂಬ್ರಿಡ್ಜ್ ವಿಜ್ಞಾನಿಗಳು ಜೋಡಿಸಿ ನೋಡಿದರು. 1986ರವರೆಗಿನ ಸರಾಸರಿಗಿಂತ ನಂತರದ ವರ್ಷಗಳಲ್ಲಿ ಗಿಡಗಳು ಸುಮಾರು ಒಂದು ತಿಂಗಳು ಮೊದಲೇ ಹೂಬಿಡುತ್ತಿವೆ ಎಂದು 2022ರಲ್ಲಿ ಅವರು ಪ್ರಕಟಿಸಿದರು. ಬೇಗ ಅರಳಿದ ಸೇಬಿನ ಹೂವನ್ನು ತಡವಾಗಿ ಬಿದ್ದ ಹಿಮ ಸುಟ್ಟುಬಿಡುತ್ತದೆ; ಹೂವಿನ ವೇಳೆಗೂ ಕೀಟದ ವೇಳೆಗೂ ತಾಳ ತಪ್ಪುತ್ತದೆ.

ಹಾಥಾರ್ನ್ ಹೂವಿಗೆ ಅಲ್ಲಿನ ಜನ 'ಮೇ' ಎಂದೇ ಹೆಸರಿಟ್ಟಿದ್ದಾರೆ. ಮೇ ಒಂದರ ಹಬ್ಬದ ತೋರಣಕ್ಕೆ ಅದೇ ಬೇಕು. 1752ರಲ್ಲಿ ಪಂಚಾಂಗ ತಿದ್ದಿ ಹನ್ನೊಂದು ದಿನ ತೆಗೆದುಹಾಕಿದಾಗ ಹಬ್ಬ ಮುಂದೆ ಬಂತು, ಹೂ ಹಿಂದೆ ಉಳಿಯಿತು. ಈಗ ದಕ್ಷಿಣ ಇಂಗ್ಲೆಂಡಿನಲ್ಲಿ ಎಷ್ಟೋ ವರ್ಷ ಏಪ್ರಿಲ್ ಮುಗಿಯುವುದರೊಳಗೇ ಅದು ಅರಳಿರುತ್ತದೆ. ಹಬ್ಬಕ್ಕೆ ಹೂ ಮತ್ತೆ ಸಿಕ್ಕಿತೆಂದು ಯಾರೂ ಹಿಗ್ಗುವಂತಿಲ್ಲ. ಅಂದು ಬದಲಾದದ್ದು ಕಾಗದದ ಮೇಲಿನ ತಾರೀಖು, ಇಂದು ಬದಲಾಗಿರುವುದು ಋತು.