ಅಂಧಕಾರಯುಗದ ಅಕ್ಕಸಾಲಿಗರು

ರೋಮ್ ಸಾಮ್ರಾಜ್ಯವು ಪಶ್ಚಿಮದಲ್ಲಿ ಕುಸಿದ ಮೇಲಿನ ಕೆಲವು ಶತಮಾನಗಳನ್ನು ಅಂಧಕಾರಯುಗವೆಂದು ಕರೆಯಲು ನಾವು ಕಾಲೇಜಿನ ಪಠ್ಯಪುಸ್ತಕಗಳಿಂದಲೇ ಕಲಿತೆವು. ಆ ಕಾಲದ ಜನರು ಬರೆದಿಟ್ಟುದು ಅಲ್ಪವೆಂಬುದು ನಿಜ. ಆದರೆ ಅವರು ಮಾಡಿಟ್ಟುದನ್ನು ಕಂಡವರಿಗೆ ಈ ಹೆಸರು ಸುಲಭವಾಗಿ ಬಾಯಿಗೆ ಬಾರದು.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ಸಟನ್ ಹೂ ಎಂಬ ಸ್ಥಳವಿದೆ. ಅಲ್ಲಿ 1939ರಲ್ಲಿ ಎಡಿತ್ ಪ್ರೆಟ್ಟಿ ಎಂಬ ಮಹಿಳೆ ತಮ್ಮ ಜಮೀನಿನ ದಿಬ್ಬವೊಂದನ್ನು ಅಗೆಯಿಸಿದರು. ಮರವೆಲ್ಲ ಕರಗಿಹೋಗಿ, ಮರಳಿನಲ್ಲಿ ಅಚ್ಚೊತ್ತಿದಂತೆ ಉಳಿದಿದ್ದ ಸುಮಾರು 27 ಮೀಟರು ಉದ್ದದ ಹಡಗು ಕಂಡಿತು. ಅದರ ನಡುವೆ ಏಳನೆಯ ಶತಮಾನದ ಆದಿಭಾಗದ ಒಡವೆಗಳ ರಾಶಿ. ಅಲ್ಲಿ ಹೂಳಲ್ಪಟ್ಟವನು ರೆಡ್‌ವಾಲ್ಡ್ ಅರಸನಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಒಡವೆ ಮಾಡಿದವನ ವಿಷಯದಲ್ಲಿ ಅಷ್ಟು ಊಹೆಗೂ ಎಡೆಯಿಲ್ಲ.

ಅದರಲ್ಲಿನ ಭುಜದ ಕೊಂಡಿಗಳನ್ನೇ ನೋಡೋಣ. ಚಿನ್ನದ ತಳದ ಮೇಲೆ ಚಿನ್ನದ ಸಣ್ಣ ಪಟ್ಟಿಗಳನ್ನು ನಿಲ್ಲಿಸಿ ಬೆಸೆದು, ಜೇನುಗೂಡಿನಂತೆ ಕೋಶಗಳನ್ನು ಕಟ್ಟಿದ್ದಾರೆ. ಅನೇಕ ಕೋಶಗಳಿಗೆ ಆಯಾ ಆಕಾರಕ್ಕೆ ತೆಳ್ಳಗೆ ಕೊಯ್ದ ಗಾರ್ನೆಟ್ ಎಂಬ ಕೆಂಪು ಹರಳು. ಕೌಶಲವಿರುವುದು ಹರಳಿನ ಅಡಿಯಲ್ಲಿ. ಅಲ್ಲಿ ಸೂಕ್ಷ್ಮವಾದ ಚೌಕುಳಿಗೆರೆಗಳನ್ನೊತ್ತಿದ ಚಿನ್ನದ ತಗಡಿದೆ. ಹರಳನ್ನು ಹೊಕ್ಕ ಬೆಳಕು ಆ ಗೆರೆಗಳಿಗೆ ತಾಗಿ ಒಡೆದು ಹಿಂದಿರುಗುವುದರಿಂದ ಕಲ್ಲು ಕೆಂಡದಂತೆ ಹೊಳೆಯುತ್ತದೆ. ನಮ್ಮ ಕುಂದಣದ ಕೆಲಸವನ್ನು ಬಲ್ಲವರಿಗೆ ತಗಡಿನ ಈ ಉಪಾಯ ಅಪರಿಚಿತವಲ್ಲ. ಆ ಯುಗದ ಇಂಥ ಹರಳುಗಳಲ್ಲಿ, ವಿಶೇಷವಾಗಿ ಐದಾರನೆಯ ಶತಮಾನಗಳವುಗಳಲ್ಲಿ, ಅನೇಕವು ಭಾರತ ಸಿಂಹಳಗಳಿಂದ ಹೋದವೆಂದು ರಾಸಾಯನಿಕ ಪರೀಕ್ಷೆಗಳು ತೋರಿಸಿವೆ. ಮುಂದೆ ಆ ಸರಕು ವಿರಳವಾಗಲು, ಅವರು ಬೊಹೀಮಿಯದ ಸಣ್ಣ ಕಲ್ಲುಗಳನ್ನು ಹಿಡಿದರು.

2009ರಲ್ಲಿ ಸ್ಟ್ಯಾಫರ್ಡ್‌ಷೈರ್ ಪ್ರಾಂತದ ಹೊಲವೊಂದರಲ್ಲಿ ದೊರೆತ ನಿಧಿಯು ಇನ್ನೊಂದು ಗುಟ್ಟನ್ನು ಹೊರಗೆಡಹಿತು. ಅದರಲ್ಲಿ ಸುಮಾರು 4 ಕಿಲೋಗ್ರಾಂ ಚಿನ್ನವಿದೆ. ಎಷ್ಟೋ ತುಣುಕುಗಳ ಮೇಲ್ಪದರದಿಂದ ಬೆಳ್ಳಿಯನ್ನು ತೆಗೆದು, ಒಳಗಿರುವುದಕ್ಕಿಂತ ಹೆಚ್ಚು ಅಪ್ಪಟವಾಗಿ ಚಿನ್ನವು ತೋರುವಂತೆ ಮಾಡಿದ್ದಾರೆ! ಅಕ್ಕಸಾಲಿಗನು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆ ಇಲ್ಲಿ ನೆನಪಾಗುವುದು ಸಹಜ. ಆದರೂ ನಾವು ಇದನ್ನು ಬರಿಯ ಕಪಟವೆನ್ನಲಾರೆವು. ಚಿನ್ನ ದುರ್ಲಭವಾಗುತ್ತಿದ್ದ ಕಾಲದಲ್ಲಿ, ಕೈಗೆ ಬಂದ ಮಿಶ್ರಲೋಹದಿಂದಲೇ ಅರಸನಿಗೆ ಒಪ್ಪುವ ಬಣ್ಣವನ್ನು ತೆಗೆದ ವಿದ್ಯೆ ಅದು.

ಈ ನಿಧಿಯಲ್ಲಿ ಕತ್ತಿಯ ಹಿಡಿಗಳ ಅಲಂಕಾರವೇ ಹೆಚ್ಚು, ಕತ್ತಿಗಳಿಲ್ಲ. ಯಾರೋ ಅವನ್ನು ಕಿತ್ತು, ಬಗ್ಗಿಸಿ, ರಾಶಿಹಾಕಿ ಹೂಳಿದ್ದಾರೆ. ಕೂದಲಿನಷ್ಟು ಸಣ್ಣ ಚಿನ್ನದ ತಂತಿಗಳನ್ನು ಬೆಸೆದಿದ್ದ ಆ ಫಲಕಗಳಲ್ಲಿ ಕೆಲವುಗಳ ಅಂಚಿನಲ್ಲಿ, ಮೀಟಿ ಕಿತ್ತ ಹತಾರದ ಗಾಯಗಳು ಇಂದಿಗೂ ಕಾಣುತ್ತವೆ.