ಖಜಾನೆ ಸೇರಿದ ದುಡ್ಡಿಗೆ ಯಜಮಾನ ಯಾರು?

ಅಜ್ಜ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದಾಗ ನಾಲ್ಕು ಮಡಿಕೆಯ ಒಂದು ನೋಟಿಸು ಸಿಕ್ಕಿತು. ಆಲಮಟ್ಟಿ ಹಿನ್ನೀರಿಗೆ ಹೋದ ಹೊಲದ ಪರಿಹಾರದ ನೋಟಿಸು. ಹಕ್ಕಿನ ಬಗ್ಗೆ ತಕರಾರು ಇರುವುದರಿಂದ ಮೊತ್ತವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಲಾಗಿದೆ ಎಂದು ಅದರಲ್ಲಿ ಬರೆದಿತ್ತು. ತಕರಾರು ಏನೆಂದು ಮನೆಯವರಿಗೆಲ್ಲ ಗೊತ್ತು. ಅಜ್ಜನ ತಂಗಿ ತನ್ನ ಪಾಲು ಕೇಳಿದ್ದಳು, ಅಜ್ಜ ಕೊಡುವುದಿಲ್ಲ ಅಂದಿದ್ದರು. ಇಬ್ಬರೂ ಸಹಿ ಹಾಕಲಿಲ್ಲ. ಹೊಲ ನೀರಲ್ಲಿ ಮುಳುಗಿತು, ದುಡ್ಡು ಕಾಗದದಲ್ಲಿ ಮುಳುಗಿತು.

ಊರಲ್ಲಿ ಕೇಳಿದರೆ ಎಲ್ಲರದೂ ಒಂದೇ ಮಾತು: "ಮೂರು ವರ್ಷ ದಾಟಿದ್ರೆ ಅದು ಸರ್ಕಾರದ್ದೇ ಆಗ್ತದ, ಸುಮ್ನ ಬಿಡ್ರಿ." ಕಚೇರಿಯೊಂದರಲ್ಲಿ ಕೇಳಿದಾಗಲೂ ಇದೇ ಉತ್ತರ ಬಂತು. ಈ "ಮೂರು ವರ್ಷ" ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. ಹುಡುಕಾಟ ಖಜಾನೆಯ ನಿಯಮದ ಪುಸ್ತಕದಿಂದ ಶುರುವಾಗಿ ಬಸವಕಲ್ಯಾಣಕ್ಕೆ, ಒಂಬೈನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

ಯಜಮಾನ ಗೊತ್ತಿಲ್ಲದ ಆಸ್ತಿ ಸಿಕ್ಕರೆ ರಾಜ ಅದನ್ನು ಮೂರು ವರ್ಷ ಇಟ್ಟುಕೊಳ್ಳಬೇಕು, ಅಷ್ಟರೊಳಗೆ ಯಜಮಾನ ಬಂದರೆ ಅವನದು, ಆಮೇಲೆ ರಾಜನದು ಎಂದು ಮನುಸ್ಮೃತಿ ಹೇಳುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಇನ್ನೂ ಬಿಗಿ. ಸುಂಕದವರು, ಕಾವಲುಗಾರರು ತಂದು ಒಪ್ಪಿಸಿದ ಕಳೆದುಹೋದ ಮಾಲಿಗೆ ಅದು ಕೊಡುವುದು ಒಂದೇ ವರ್ಷ. ಒಂದು ಪುಸ್ತಕದಲ್ಲಿ ಮೂರು, ಇನ್ನೊಂದರಲ್ಲಿ ಒಂದು. ಯಾವುದನ್ನು ಹಿಡಿಯಬೇಕು?

ಈ ಗಂಟು ಬಿಚ್ಚಿದವನು ನಮ್ಮ ನಾಡಿನವನು, ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದವನು. ಆ ದೊರೆ ಆಳಿದ್ದು 1076ರಿಂದ 1126ರವರೆಗೆ. ವಿಜ್ಞಾನೇಶ್ವರನ ಊರು ಕಲಬುರಗಿ ಜಿಲ್ಲೆಯ ಮರತೂರು ಎಂದು ಹೇಳುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರ. ಪಿತ್ರಾರ್ಜಿತ, ಅವಿಭಕ್ತ ಕುಟುಂಬ, ಪಾಲು ಎಂದು ನಾವು ಇವತ್ತಿಗೂ ಬಡಿದಾಡುವ ಮಾತುಗಳ ಹಿಂದೆ ಆ ಪುಸ್ತಕವಿದೆ. ಬ್ರಿಟಿಷರ ನ್ಯಾಯಾಲಯಗಳು ಭಾರತದ ಬಹುಭಾಗದಲ್ಲಿ ಹಿಂದೂಗಳ ವಾರಸಿಕೆಯನ್ನು ತೀರ್ಮಾನಿಸಿದ್ದು ಅದನ್ನೇ ಮುಂದಿಟ್ಟುಕೊಂಡು. ಅದರ ದಾಯಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ.

ಕಳೆದುಹೋದ ಹಣದ ಬಗ್ಗೆ ಅವನು ಹೇಳಿರುವುದನ್ನು ಮಾತ್ರ ಯಾರೂ ಹೆಚ್ಚು ನೆನೆಯುವುದಿಲ್ಲ. ಅದು ಹೀಗಿದೆ. ಮೊದಲ ವರ್ಷದೊಳಗೆ ಯಜಮಾನ ಬಂದರೆ ಪೂರ್ತಿ ಕೊಡಬೇಕು. ಎರಡನೆಯ ವರ್ಷ ಬಂದರೆ ಕಾಯ್ದಿಟ್ಟ ಕೂಲಿಯಾಗಿ ಹನ್ನೆರಡರಲ್ಲಿ ಒಂದು ಪಾಲು, ಮೂರನೆಯ ವರ್ಷ ಹತ್ತರಲ್ಲಿ ಒಂದು, ಆಮೇಲೆ ಆರರಲ್ಲಿ ಒಂದು ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಡಬೇಕು. ಹಾಗಾದರೆ "ಮೂರು ವರ್ಷದ ಮೇಲೆ ರಾಜನದು" ಎಂಬ ಮಾತಿಗೆ ಅರ್ಥವೇನು? ಯಜಮಾನ ಬಾರದಿದ್ದರೆ ಅಲ್ಲಿಂದ ಮುಂದೆ ರಾಜ ಆ ಹಣವನ್ನು ಖರ್ಚು ಮಾಡಬಹುದು, ಅಷ್ಟೇ ಅದರ ಅರ್ಥ ಎನ್ನುತ್ತಾನೆ ವಿಜ್ಞಾನೇಶ್ವರ. ಖರ್ಚಾಗಿ ಹೋದ ಮೇಲೆ ಯಜಮಾನ ಬಂದರೂ ರಾಜ ತನ್ನ ಪಾಲು ಕಳೆದು ಅಷ್ಟೇ ಬೆಲೆಯದನ್ನು ಅವನಿಗೆ ಕೊಡಬೇಕು.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದುಡ್ಡು ಬಳಸುವ ಅಧಿಕಾರ ಬೇರೆ, ದುಡ್ಡಿನ ಯಜಮಾನಿಕೆ ಬೇರೆ. ಸರ್ಕಾರಕ್ಕೆ ಮೊದಲನೆಯದು ಸಿಕ್ಕಿತು ಎಂದರೆ ನಿಮ್ಮ ಕೈಯಿಂದ ಎರಡನೆಯದು ಹೋಯಿತು ಎಂದಲ್ಲ. ಕಲ್ಯಾಣದಲ್ಲಿ ಕೂತು ಒಬ್ಬ ಪಂಡಿತ ಇದನ್ನು ಬರೆದಾಗ ಇಲ್ಲಿ ಬ್ಯಾಂಕೂ ಇರಲಿಲ್ಲ, ಚಲನ್ನೂ ಇರಲಿಲ್ಲ.

ಅವನು ಒಂದು ಷರತ್ತನ್ನೂ ಮರೆಯಲಿಲ್ಲ. ಕೇಳಿಕೊಂಡು ಬಂದವನು ಮಾಲಿನ ಗುರುತು ಹೇಳಬೇಕು. ಗುರುತು ಹೇಳಲಾಗದೆ ಸುಳ್ಳು ಹಕ್ಕು ಸಾಧಿಸಿದರೆ ಆ ಮಾಲಿನ ಬೆಲೆಯಷ್ಟೇ ದಂಡ. ಈ ಗುರುತಿನ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಜಮಾನ ಸತ್ತು, ವಾರಸುದಾರರೇ ಇಲ್ಲದಿದ್ದರೆ? ಅದು ಬೇರೆ ಕಥೆ, ಹೆಚ್ಚು ಕ್ರೂರವಾದದ್ದು. ಗಂಡು ಮಕ್ಕಳಿಲ್ಲದೆ ಸತ್ತವನ ಆಸ್ತಿಯನ್ನು ರಾಜ ಎತ್ತಿಕೊಳ್ಳುವ ಪದ್ಧತಿ ಇತ್ತು. ಮನೆಯಲ್ಲಿ ಹೆಂಡತಿ ಇದ್ದರೂ ಲೆಕ್ಕಕ್ಕಿಲ್ಲ. ಕಾಳಿದಾಸನ ಶಾಕುಂತಲ ನಾಟಕದ ಆರನೆಯ ಅಂಕದಲ್ಲಿ ಇಂಥದೇ ಒಂದು ಕಡತ ದುಷ್ಯಂತನ ಮುಂದೆ ಬರುತ್ತದೆ. ಧನಮಿತ್ರ ಎಂಬ ವ್ಯಾಪಾರಿ ಹಡಗು ಒಡೆದು ಸತ್ತಿದ್ದಾನೆ, ಮಕ್ಕಳಿಲ್ಲ, ಆಸ್ತಿ ಅರಸನಿಗೆ ಸೇರಬೇಕು ಎಂದು ಮಂತ್ರಿ ಬರೆದು ಕಳಿಸುತ್ತಾನೆ. ದುಷ್ಯಂತ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳುತ್ತಾನೆ: ಅವನ ಹೆಂಡಂದಿರಲ್ಲಿ ಯಾರಾದರೂ ಬಸುರಿ ಇದ್ದಾರೆಯೇ, ವಿಚಾರಿಸಿ. ಇದ್ದಾಳೆ ಎಂದು ತಿಳಿಯುತ್ತದೆ. ಆಸ್ತಿ ಹೊಟ್ಟೆಯಲ್ಲಿರುವ ಕೂಸಿಗೆ ಸೇರುತ್ತದೆ. ಶಕುಂತಲೆಯ ಉಂಗುರ ಎಲ್ಲರಿಗೂ ಗೊತ್ತು, ಈ ಕಡತ ಯಾರಿಗೂ ನೆನಪಿಲ್ಲ. ನನಗೇನೋ ಈಗ ಉಂಗುರಕ್ಕಿಂತ ಕಡತವೇ ಹಿಡಿಸುತ್ತದೆ. ವಿಚಾರಿಸದೆ "ವಾರಸುದಾರರಿಲ್ಲ" ಎಂದು ಬರೆಯುವ ಮಂತ್ರಿಗಳು ಈಗಲೂ ಇದ್ದಾರಲ್ಲ!

ಈ ಪದ್ಧತಿಯನ್ನು ಬಿಟ್ಟುಕೊಟ್ಟ ಅರಸರೂ ಇದ್ದರು. ಪಶ್ಚಿಮ ಭಾರತದಲ್ಲಿ ವಿಷ್ಣುಷೇಣ ಎಂಬ ಅರಸ 592ರಲ್ಲಿ ವ್ಯಾಪಾರಿಗಳಿಗೆ ಕೊಟ್ಟ ತಾಮ್ರಪಟದ ಮೊದಲ ಕಟ್ಟಳೆಯೇ ಇದು: ಮಕ್ಕಳಿಲ್ಲದೆ ಸತ್ತವನ ಆಸ್ತಿಯನ್ನು ಅಧಿಕಾರಿಗಳು ಎತ್ತಿಕೊಳ್ಳಬಾರದು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಕುಮಾರಪಾಲ ವಿಧವೆಯರ ಕೈಯಿಂದ ಹೀಗೆ ಕಿತ್ತುಕೊಳ್ಳುವುದನ್ನು ನಿಲ್ಲಿಸಿದ. ನಮ್ಮ ವಿಜ್ಞಾನೇಶ್ವರನೂ ಪಾಲಾಗಿ ಬೇರೆಯಿದ್ದು ಮಕ್ಕಳಿಲ್ಲದೆ ಸತ್ತವನ ಆಸ್ತಿಗೆ ಮೊದಲ ವಾರಸುದಾರಳು ಹೆಂಡತಿ ಎಂದು ಗಟ್ಟಿಯಾಗಿ ವಾದಿಸಿದ. ಹಾಗೆಂದು ಅವನನ್ನು ಪೂರ್ತಿ ಹೊಗಳುವ ಹಾಗಿಲ್ಲ. ಗಂಡು ಮಕ್ಕಳು ಹುಟ್ಟುತ್ತಲೇ ಪಾಲುದಾರರು, ಹೆಣ್ಣು ಮಕ್ಕಳು ಅಲ್ಲ ಎಂಬ ಲೆಕ್ಕವೂ ಅದೇ ಮಿತಾಕ್ಷರದ ಹೆಸರಿನಲ್ಲೇ ನಡೆಯಿತು. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣು ಮಕ್ಕಳ ಮಟ್ಟಿಗೆ ಅದನ್ನು ತಿದ್ದಿತು, 2005ರಲ್ಲಿ ದೇಶದ ಕಾಯ್ದೆಯೇ ಎಲ್ಲ ಹೆಣ್ಣು ಮಕ್ಕಳಿಗೂ ಸಮಪಾಲು ಕೊಟ್ಟಿತು. ಅಜ್ಜನ ತಂಗಿ ಕೇಳಿದ್ದು ಅದಕ್ಕೂ ಮುಂಚೆ. ಕಾಯ್ದೆಗಿಂತ ಆಕೆಯೇ ಮುಂದಿದ್ದಳು.

ಕಂಪನಿ ಸರ್ಕಾರ ಬಂದ ಮೇಲೆ ವಾರಸುದಾರರಿಲ್ಲ ಎಂಬ ನೆಪ ದೊಡ್ಡ ಕತ್ತಿಯಾಯಿತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತು ಮಗನನ್ನು ಒಪ್ಪುವುದಿಲ್ಲ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಮೊದಲು ಕಣ್ಣು ಹಾಕಿದ್ದು ಸಂಸ್ಥಾನದ ಖಜಾನೆಯ ಮೇಲೆ. ಚೆನ್ನಮ್ಮ ಒಪ್ಪಲಿಲ್ಲ, ಆಮೇಲಿನದು ನಿಮಗೆಲ್ಲ ಗೊತ್ತು. 1860ರಲ್ಲಿ ಮಚಲೀಪಟ್ಟಣದ ಕಲೆಕ್ಟರ್ ಕಡೆಯವರಾಗಿದ್ದ ಒಂದು ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ವಾರಸುದಾರರಿಲ್ಲದ ಆಸ್ತಿ, ಬ್ರಾಹ್ಮಣನದೇ ಆಗಿದ್ದರೂ, ಸರ್ಕಾರಕ್ಕೆ ಸೇರುತ್ತದೆ ಎಂದಿತು. ಬ್ರಾಹ್ಮಣನ ಆಸ್ತಿಯನ್ನು ರಾಜ ಮುಟ್ಟಬಾರದು ಎಂದಿದ್ದ ಮನುವಿನ ಮಾತು ಅಲ್ಲಿಗೆ ಮುಗಿಯಿತು. ಈಗ ಈ ಅಧಿಕಾರ ಸಂವಿಧಾನದ 296ನೇ ವಿಧಿಯಲ್ಲಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಹತ್ತಿರದ, ದೂರದ ವಾರಸುದಾರರು ಯಾರೂ ಇಲ್ಲದಿದ್ದಾಗ ಮಾತ್ರ ಆಸ್ತಿ ಸರ್ಕಾರಕ್ಕೆ.

ನಮ್ಮ ನೋಟಿಸಿನ ದುಡ್ಡು ಈ ಜಾತಿಯದಲ್ಲ. ವಾರಸುದಾರರು ಇಲ್ಲದ ದುಡ್ಡಲ್ಲ ಅದು, ವಾರಸುದಾರರು ಜಗಳಾಡಿದ ದುಡ್ಡು. ಅದಕ್ಕೆ ಬೇರೆ ದಾರಿ. 1894ರ ಭೂಸ್ವಾಧೀನ ಕಾಯ್ದೆಯ 31ನೇ ಕಲಮಿನ ಪ್ರಕಾರ ಪರಿಹಾರ ತೆಗೆದುಕೊಳ್ಳಲು ಒಪ್ಪದಿದ್ದರೆ, ಅಥವಾ ಹಕ್ಕಿನ ಬಗ್ಗೆ, ಪಾಲಿನ ಬಗ್ಗೆ ತಕರಾರಿದ್ದರೆ ಅಧಿಕಾರಿ ಆ ಮೊತ್ತವನ್ನು ನ್ಯಾಯಾಲಯದಲ್ಲಿ ಇಡಬೇಕಿತ್ತು. 2014ರ ಜನವರಿ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲೂ ಇಂಥದೇ ಏರ್ಪಾಡು ಇದೆ. ಅಣೆಕಟ್ಟು, ಕಾಲುವೆ, ರೈಲು, ಹೆದ್ದಾರಿ ಬಂದ ಊರುಗಳಲ್ಲಿ ಸತ್ತ ತಾತನ ಹೆಸರಲ್ಲೇ ಖಾತೆ ಉಳಿದ ಮನೆ, ದುಡಿಯಲು ಗೋವಾಕ್ಕೋ ಪುಣೆಗೋ ಹೋದವರ ಮನೆ, ಅಣ್ಣತಮ್ಮಂದಿರು ಮಾತು ಬಿಟ್ಟ ಮನೆ ಇದ್ದೇ ಇರುತ್ತವೆ. ದುಡ್ಡು ಸಿಕ್ಕಿಕೊಳ್ಳುವುದು ಅಂಥ ಕಡೆಯೇ. ಪರಿಹಾರ ಒಂದೇ ಅಲ್ಲ, ಜಾಮೀನಿಗೆ ಕಟ್ಟಿದ ನಗದು, ಟೆಂಡರಿಗೆ ಇಟ್ಟ ಭದ್ರತಾ ಠೇವಣಿ, ಪಂಚಾಯಿತಿ ಮಳಿಗೆ ಹಿಡಿಯುವಾಗ ಕೊಟ್ಟ ಮುಂಗಡ ಕೂಡ ಹೀಗೇ ಮರೆತುಹೋಗುತ್ತವೆ. ವಿಧಾನಸಭೆ ಚುನಾವಣೆಗೆ ನಿಂತವರು ಹತ್ತು ಸಾವಿರ ಠೇವಣಿ ಇಡುತ್ತಾರೆ, ಪರಿಶಿಷ್ಟರಾದರೆ ಐದು ಸಾವಿರ. ಆರನೇ ಒಂದು ಪಾಲಿಗಿಂತ ಹೆಚ್ಚು ಮತ ಬಿದ್ದರೆ ಸೋತವರಿಗೂ ಅದು ವಾಪಸು.

ಹೀಗೆ ಬಂದ ಹಣ ಸರ್ಕಾರದ ಆದಾಯವಲ್ಲ. ಅಧಿಕಾರಿಗಳ ಬಳಿ, ನ್ಯಾಯಾಲಯಗಳಲ್ಲಿ ಇಟ್ಟ ಠೇವಣಿ ರಾಜ್ಯದ ಸಾರ್ವಜನಿಕ ಲೆಕ್ಕಕ್ಕೆ ಹೋಗಬೇಕು ಎಂದು ಸಂವಿಧಾನದ 284ನೇ ವಿಧಿ ಹೇಳುತ್ತದೆ. ತೆರಿಗೆಯ ದುಡ್ಡು ಒಂದು ಪೆಟ್ಟಿಗೆ, ಇದು ಇನ್ನೊಂದು ಪೆಟ್ಟಿಗೆ. ಈ ಎರಡನೆಯ ಪೆಟ್ಟಿಗೆಯಲ್ಲಿ ಸರ್ಕಾರ ಬರೀ ಕಾವಲುಗಾರ.

ಈಗ ಬಂತು ನೋಡಿ ಆ ಮೂರು ವರ್ಷ. ಬ್ರಿಟಿಷರ ಕಾಲದಿಂದ ಬಂದ ಖಜಾನೆ ನಿಯಮದಂತೆ, ಮೂರು ಪೂರ್ಣ ಲೆಕ್ಕವರ್ಷ ದಾಟಿದರೂ ಯಾರೂ ಕೇಳದ ಠೇವಣಿಯನ್ನು ಮಾರ್ಚ್ ಕೊನೆಗೆ "ಲ್ಯಾಪ್ಸ್" ಎಂದು ಬರೆದು ಸರ್ಕಾರದ ಲೆಕ್ಕಕ್ಕೆ ಜಮಾ ಮಾಡುತ್ತಾರೆ. ಜನ ಕೇಳಿಸಿಕೊಂಡಿರುವುದು ಇಷ್ಟೇ. ಮುಂದಿನ ಸಾಲನ್ನು ಯಾರೂ ಓದಿ ಹೇಳುವುದಿಲ್ಲ. ಲ್ಯಾಪ್ಸ್ ಆದ ಠೇವಣಿಗಳ ಪಟ್ಟಿ ತಯಾರಾಗಿ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ. ಏಕೆಂದರೆ ಯಜಮಾನ ಬಂದು ಕೇಳಿದರೆ ಆ ಪಟ್ಟಿಯ ಜೊತೆ ತಾಳೆ ನೋಡಿ, ಒಪ್ಪಿಗೆ ಪಡೆದು ವಾಪಸು ಕೊಡಬೇಕು. ಖರ್ಚಾಗಿದ್ದರೂ ಅಷ್ಟೇ ಬೆಲೆಯದನ್ನು ಕೊಡಬೇಕು ಎಂದ ವಿಜ್ಞಾನೇಶ್ವರನ ಮಾತೇ ಅಲ್ಲವೇ ಇದು? ಬರೆದ ಸಾಹೇಬರು ಮಿತಾಕ್ಷರ ಓದಿ ಬರೆದರು ಎಂದು ನಾನು ಹೇಳುತ್ತಿಲ್ಲ. ಪರರ ದುಡ್ಡು ಕಾಯುವವನ ಕಷ್ಟ ಎಲ್ಲ ಕಾಲಕ್ಕೂ ಒಂದೇ, ಉತ್ತರವೂ ಒಂದೇ ಬಂದಿರಬೇಕು. ಒಂದು ವ್ಯತ್ಯಾಸವಿದೆ: ಖಜಾನೆಯಲ್ಲಿ ಸುಮ್ಮನೆ ಬಿದ್ದ ಠೇವಣಿಗೆ ಸಾಮಾನ್ಯವಾಗಿ ಬಡ್ಡಿ ಬೆಳೆಯುವುದಿಲ್ಲ. ರಾಜನ ಆರನೇ ಒಂದು ಪಾಲಿಗಿಂತ ಹೆಚ್ಚನ್ನು ಬೆಲೆಯೇರಿಕೆಯೇ ತಿಂದಿರುತ್ತದೆ. ನ್ಯಾಯಾಲಯ ಅದನ್ನು ಬ್ಯಾಂಕಿನಲ್ಲಿ ತೊಡಗಿಸಲು ಆದೇಶಿಸಿದ್ದರೆ ಮಾತ್ರ ಲೆಕ್ಕ ಬೇರೆ.

ಎಲ್ಲ ದುಡ್ಡಿಗೂ ಇದೇ ನಿಯಮ ಎಂದುಕೊಳ್ಳಬೇಡಿ. ಅಂಚೆ ಕಚೇರಿಯ ಉಳಿತಾಯ, ಭವಿಷ್ಯ ನಿಧಿಯಂಥ ವಾರಸುದಾರರು ಕೇಳದ ಹಣ ಕೇಂದ್ರದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಲ್ಲಿ ಇಪ್ಪತ್ತೈದು ವರ್ಷ ಕಳೆದರೆ ನಿಜಕ್ಕೂ ಸರ್ಕಾರದ ಪಾಲು. ಅಂಥದ್ದಿದ್ದರೆ ಬೇಗ ಕೇಳಿ.

ಇನ್ನು ಗುರುತಿನ ಮಾತು. ವಿಜ್ಞಾನೇಶ್ವರ ಕೇಳಿದ ಗುರುತೇ ಇವತ್ತಿನ ಕಾಗದಪತ್ರ. ದುಡ್ಡು ಎಷ್ಟು ಎಂಬುದಕ್ಕಿಂತ ಅದು ಯಾವ ನಂಬರಿನಲ್ಲಿ ಕೂತಿದೆ ಎಂಬುದು ಮುಖ್ಯ. ಸರ್ವೆ ನಂಬರು, ಐತೀರ್ಪಿನ ನಂಬರು ಮತ್ತು ತಾರೀಖು, ನ್ಯಾಯಾಲಯದ ಪ್ರಕರಣ ಸಂಖ್ಯೆ, ಚಲನ್ ಇದ್ದರೆ ಅದರ ದಿನಾಂಕ. ಇವು ಕೈಯಲ್ಲಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಭೂಸ್ವಾಧೀನ ಅಧಿಕಾರಿಯ ಕಚೇರಿಯಲ್ಲಿ ಐತೀರ್ಪಿನ ನಕಲು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ವಾಪಸಿನ ಅರ್ಜಿಯನ್ನು ಖಜಾನೆಗೆ ಕೊಟ್ಟರೆ ಪ್ರಯೋಜನವಿಲ್ಲ. ಠೇವಣಿ ಇಟ್ಟ ಕಚೇರಿಗೆ ಅಥವಾ ಅದು ಇರುವ ನ್ಯಾಯಾಲಯಕ್ಕೆ ಕೊಡಬೇಕು, ಖಜಾನೆ ದುಡ್ಡು ಕೊಡುವುದು ಅವರ ಆದೇಶದ ಮೇಲೆಯೇ. ಮೂಲ ಯಜಮಾನ ಸತ್ತಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ತಕರಾರಿದ್ದರೆ ಸಿವಿಲ್ ನ್ಯಾಯಾಲಯದ ವಾರಸಾ ಪ್ರಮಾಣಪತ್ರವನ್ನೂ ಕೇಳಬಹುದು. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟು ಬರೆಸುವ ಚಾಳಿ ನಮ್ಮ ಕಡೆ ಇದೆ. ಹಾಗೆ ಮಾಡಿದರೆ ಅದು ಸುಳ್ಳು ಹೇಳಿಕೆ, ಜೊತೆಗೆ ದುಡ್ಡು ಮತ್ತೆ ಅದೇ ಗುಂಡಿಗೆ ಬೀಳುತ್ತದೆ.

ನಮ್ಮ ಮನೆಯ ಐತೀರ್ಪಿನ ನಕಲು ಎರಡನೆಯ ಅರ್ಜಿಗೆ ಬಂತು. ಅದರಲ್ಲಿ ಅಜ್ಜನ ಹೆಸರಿನ ಕೆಳಗೆ ತಂಗಿಯ ಹೆಸರೂ ಇತ್ತು, ತಕರಾರುದಾರಳು ಎಂದು. ಆಕೆ ಈಗಿಲ್ಲ. ಆಕೆಯ ಮಗಳು ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ, ಎರಡು ಮನೆಗಳ ನಡುವೆ ಹೋಗಿಬರುವುದು ನಿಂತು ಬಹಳ ವರ್ಷವಾಗಿತ್ತು. ಅಪ್ಪನೇ ಫೋನ್ ಮಾಡಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೇಸ್ ನಂಬರ್ ಹೇಳು, ಬರಕೋತೀನಿ" ಅಂದರು. ಕ್ಯಾಲೆಂಡರಿನ ಹಿಂದೆ ಬರೆದುಕೊಂಡರಂತೆ. ಜಂಟಿ ಅರ್ಜಿಗೆ ಸಹಿ ಹಾಕಲು ಬರುವ ಸೋಮವಾರ ಬರುತ್ತಾರೆ.