ತೇಲುವುದಲ್ಲ, ಅದು ಬೀಳುವುದು

ಗಗನಯಾತ್ರಿಗಳು ನೌಕೆಯೊಳಗೆ ಏಕೆ ತೇಲುತ್ತಾರೆ? ಯಾರನ್ನಾದರೂ ಕೇಳಿ ನೋಡಿ. ‘ಅಲ್ಲಿ ಗುರುತ್ವಾಕರ್ಷಣೆ ಇಲ್ಲವಲ್ಲ, ಅದಕ್ಕೆ’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಹೈಸ್ಕೂಲಿನ ಪರೀಕ್ಷೆಯಲ್ಲಿ ನಾನೂ ಹಾಗೆಯೇ ಬರೆದು ಪೂರ್ತಿ ಅಂಕ ಗಿಟ್ಟಿಸಿದ್ದೆ. ಪತ್ರಿಕೆಗಳೂ ಇದಕ್ಕೆ ಹೊರತಲ್ಲ. ತೇಲುವವರ ಚಿತ್ರದ ಕೆಳಗೆ ‘ಗುರುತ್ವವಿಲ್ಲದ ಅಂತರಿಕ್ಷದಲ್ಲಿ’ ಎಂದು ಅಚ್ಚು ಹಾಕುವುದು ರೂಢಿಯೇ ಆಗಿಬಿಟ್ಟಿದೆ. ಉತ್ತರವೇನೋ ಸುಲಭವಾಗಿದೆ, ಆದರೆ ತಪ್ಪು.

ಚಂದ್ರ ನಮ್ಮಿಂದ ಸುಮಾರು 3,84,000 ಕಿ.ಮೀ. ದೂರದಲ್ಲಿದ್ದಾನೆ. ಅಷ್ಟು ದೂರದ ಚಂದ್ರನನ್ನು ಹಿಡಿದು ಸುತ್ತಿಸುತ್ತಿರುವುದು ಭೂಮಿಯ ಗುರುತ್ವವೇ. ಅಂಥದ್ದು 400 ಕಿ.ಮೀ. ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಬಿಟ್ಟೀತೇ? 400 ಕಿ.ಮೀ. ಎಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವ ರಸ್ತೆಯ ದೂರ. ಅಲ್ಲಿಯ ಗುರುತ್ವ ನೆಲದ ಮೇಲಿನದರ ಶೇ 89ರಷ್ಟು. ಅಷ್ಟೆತ್ತರದ ಗೋಪುರ ಕಟ್ಟಿ, ಇಲ್ಲಿ 60 ಕಿಲೋ ತೂಗುವವರನ್ನು ಅದರ ತುದಿಯಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಮುಳ್ಳು 53 ಕಿಲೋ ತೋರಿಸುತ್ತದೆ. ತೇಲುವ ಮಾತು ದೂರವೇ ಉಳಿಯಿತು.

ಹಾಗಾದರೆ ಈ ತಪ್ಪು ಎಲ್ಲಿಂದ ಬಂತು? ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಇದೇ ವಿಷಯದಲ್ಲಿ ಎಡವಿದ ಒಬ್ಬ ದೊಡ್ಡ ಮನುಷ್ಯನ ಕಥೆ ಸ್ವಾರಸ್ಯವಾಗಿದೆ. ಆತ ಫ್ರಾನ್ಸಿನ ಕಾದಂಬರಿಕಾರ ಜೂಲ್ಸ್ ವರ್ನ್.

ವರ್ನ್ 1865ರಲ್ಲಿ ಚಂದ್ರಯಾನದ ಕಾದಂಬರಿಯೊಂದನ್ನು ಪ್ರಕಟಿಸಿದ. ಕೆಲವು ವರ್ಷಗಳ ನಂತರ ಅದರ ಎರಡನೆಯ ಭಾಗ ಬಂತು. ಅಮೆರಿಕದ ಫ್ಲಾರಿಡಾದಲ್ಲಿ ನೆಲದೊಳಗೆ ಹೂತ ದೈತ್ಯ ಫಿರಂಗಿ. ಅದರಿಂದ ಹಾರಿದ ಟೊಳ್ಳು ಗುಂಡಿನೊಳಗೆ ಮೂವರು ಗಂಡಸರು, ಎರಡು ನಾಯಿಗಳು. ಹಾರುವ ರಭಸಕ್ಕೆ ಒಂದು ನಾಯಿಗೆ ಪೆಟ್ಟಾಗಿ ಅದು ಸಾಯುತ್ತದೆ. ಯಾತ್ರಿಕರು ಕಿಟಕಿ ತೆರೆದು ಅದರ ಕಳೇಬರವನ್ನು ಹೊರಕ್ಕೆ ಹಾಕುತ್ತಾರೆ. ಮುಂದೆ ಹೊರಗೆ ಇಣುಕಿದರೆ ನಾಯಿಯ ಹೆಣ ಎಲ್ಲಿಯೂ ಹೋಗಿಲ್ಲ. ಗುಂಡಿನ ಪಕ್ಕದಲ್ಲೇ ಜೊತೆಜೊತೆಯಾಗಿ ಬರುತ್ತಿದೆ!

ಇಲ್ಲಿ ವರ್ನ್ ಬರೆದದ್ದು ನೂರಕ್ಕೆ ನೂರು ಸರಿ. ಗುಂಡಿಗೂ ಹೆಣಕ್ಕೂ ಒಂದೇ ವೇಗ, ಎರಡನ್ನೂ ಎಳೆಯುತ್ತಿರುವುದು ಒಂದೇ ಗುರುತ್ವ. ಹಿಂದೆ ಬೀಳಲು ಕಾರಣವೇ ಇಲ್ಲ. ಆದರೆ ಕಿಟಕಿಯ ಒಳಗೆ ಏನಾಗುತ್ತಿದೆ? ಆ ಮೂವರು ಮನೆಯ ಹಜಾರದಲ್ಲಿದ್ದಂತೆ ನೆಲದ ಮೇಲೆ ನಿಂತಿದ್ದಾರೆ. ಭೂಮಿ ಮತ್ತು ಚಂದ್ರನ ಸೆಳೆತ ಸಮವಾಗುವ ಒಂದು ಜಾಗ ದಾರಿಯ ಹತ್ತರಲ್ಲಿ ಒಂಬತ್ತು ಪಾಲು ಕಳೆದ ಮೇಲೆ ಸಿಗುತ್ತದೆ. ಅಲ್ಲಿ ಮಾತ್ರ ಅವರು ತೇಲುತ್ತಾರೆ ಎಂಬುದು ವರ್ನ್‌ನ ಲೆಕ್ಕ. ಹೊರಗಿನ ನಾಯಿಗೆ ಅನ್ವಯಿಸಿದ ನಿಯಮವೇ ಒಳಗಿನ ಯಜಮಾನರಿಗೂ ಅನ್ವಯಿಸುತ್ತದೆ ಎಂಬುದು ಆತನಿಗೆ ಹೊಳೆಯಲಿಲ್ಲ. ಉತ್ತರ ಕಿಟಕಿಯ ಗಾಜಿಗೆ ಮುಖ ಒತ್ತಿ ನಿಂತಿತ್ತು!

1968ರ ಡಿಸೆಂಬರಿನಲ್ಲಿ ಅಪೊಲೊ 8 ಅದೇ ಫ್ಲಾರಿಡಾದಿಂದ, ಮೂವರನ್ನೇ ಹೊತ್ತು ಚಂದ್ರನತ್ತ ಹೊರಟಿತು. ಎಂಜಿನ್ ನಿಂತ ಗಳಿಗೆಯಿಂದಲೇ ಅವರು ತೇಲುತ್ತಿದ್ದರು. ವರ್ನ್ ಗುರುತು ಹಾಕಿದ ಜಾಗದಲ್ಲಿ ವಿಶೇಷವೇನೂ ಆಗಲಿಲ್ಲ.

ಸರಿಯಾದ ಉತ್ತರದ ಅರ್ಧ ಭಾಗ ವರ್ನ್‌ಗಿಂತ ಬಹಳ ಮೊದಲೇ ಸಿದ್ಧವಾಗಿತ್ತು. ಎತ್ತರದ ಬೆಟ್ಟದ ನೆತ್ತಿಯಿಂದ ಅಡ್ಡಲಾಗಿ ಗುಂಡು ಹಾರಿಸುವ ಚಿತ್ರವೊಂದನ್ನು ನ್ಯೂಟನ್ ಕಲ್ಪಿಸಿಕೊಂಡಿದ್ದ. ಅದು ಅಚ್ಚಾದದ್ದು 1728ರಲ್ಲಿ, ಆತ ತೀರಿಕೊಂಡ ಮರುವರ್ಷ. ವೇಗ ಹೆಚ್ಚಿಸಿದಂತೆ ಗುಂಡು ದೂರ ದೂರ ಬೀಳುತ್ತದೆ. ಸಾಕಷ್ಟು ವೇಗ ಕೊಟ್ಟರೆ, ಗುಂಡು ಬಾಗಿ ಬೀಳುವಷ್ಟೇ ಭೂಮಿಯ ಮೈಯೂ ಬಾಗಿ ದೂರ ಸರಿಯುತ್ತದೆ. ಗುಂಡು ಬೀಳುತ್ತಲೇ ಇರುತ್ತದೆ, ನೆಲ ಮಾತ್ರ ಸಿಗುವುದಿಲ್ಲ.

ಇಂದಿನ ನಿಲ್ದಾಣ ನ್ಯೂಟನ್ನನ ಅದೇ ಗುಂಡು. ಸೆಕೆಂಡಿಗೆ ಸುಮಾರು 7.7 ಕಿ.ಮೀ. ಮುಂದೆ ಓಡುತ್ತದೆ, ಅಷ್ಟರಲ್ಲಿ ಭೂಮಿಯತ್ತ 4.3 ಮೀಟರ್ ಬೀಳುತ್ತದೆ. ಭೂಮಿಯ ದುಂಡಗಿನ ಮೈಯೂ ಅಷ್ಟೇ ತಗ್ಗುವುದರಿಂದ ಎತ್ತರ ಹಾಗೆಯೇ ಉಳಿಯುತ್ತದೆ. ರಾಕೆಟ್ಟಿಗೆ ಕಷ್ಟವಾಗುವುದು ಮೇಲೇರುವುದಕ್ಕಿಂತ ಈ ಅಡ್ಡ ವೇಗವನ್ನು ಗಳಿಸುವುದು. ಗುರುತ್ವ ನಿಜಕ್ಕೂ ಇಲ್ಲದಿದ್ದರೆ ನಿಲ್ದಾಣ ಸುತ್ತುತ್ತಲೇ ಇರಲಿಲ್ಲ. ನೆಟ್ಟಗೆ ಎತ್ತಲೋ ಹೊರಟುಹೋಗುತ್ತಿತ್ತು.

ಇನ್ನರ್ಧ ಉತ್ತರಕ್ಕೆ ಮನೆಯಲ್ಲೇ ಪ್ರಯೋಗ ಮಾಡಬಹುದು. ಹಳೆಯ ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಮೊಳೆಯಿಂದ ತೂತು ಮಾಡಿ, ನೀರು ತುಂಬಿ, ಮುಚ್ಚಳ ಹಾಕದೆ ಮಹಡಿಗೆ ಒಯ್ಯಿರಿ. ನೀರು ಚಿಮ್ಮುತ್ತಿರುತ್ತದೆ. ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಬಾಟಲಿಯನ್ನು ಕೈಬಿಡಿ. ಬೀಳುವಷ್ಟು ಹೊತ್ತೂ ನೀರು ಸೋರುವುದಿಲ್ಲ! ನೀರಿನ ಮೇಲೆ ಗುರುತ್ವ ಇದ್ದೇ ಇದೆ. ಆದರೆ ಬಾಟಲಿಯೂ ನೀರೂ ಒಟ್ಟಿಗೆ ಬೀಳುವಾಗ ಒಂದು ಇನ್ನೊಂದನ್ನು ಒತ್ತುವುದಿಲ್ಲ. ನಾವು ತೂಕವೆಂದು ಅನುಭವಿಸುವುದು ಈ ಒತ್ತನ್ನೇ: ಪಾದಕ್ಕೆ ನೆಲ ಕೊಡುವ ಒತ್ತು, ಬೆನ್ನಿಗೆ ಹಾಸಿಗೆ ಕೊಡುವ ಒತ್ತು. ಜಾತ್ರೆಯ ತೊಟ್ಟಿಲು ರಭಸದಿಂದ ಇಳಿಯುವಾಗ ಹೊಟ್ಟೆಯಲ್ಲಿ ಕಚಗುಳಿ ಇಟ್ಟಂತಾಗುವುದೂ ಈ ಒತ್ತು ಸಡಿಲಗೊಂಡಾಗಲೇ.

1907ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕುಳಿತಿದ್ದ ಐನ್‌ಸ್ಟೈನ್‌ಗೆ ಹೊಳೆದದ್ದೂ ಇದೇ. ಅಡೆತಡೆಯಿಲ್ಲದೆ ಬೀಳುವವನಿಗೆ ತನ್ನ ತೂಕ ಗೊತ್ತಾಗುವುದಿಲ್ಲ ಎಂಬ ಈ ಆಲೋಚನೆಯನ್ನು ಆತ ತನ್ನ ಬದುಕಿನ ಅತ್ಯಂತ ಸಂತೋಷದ ಆಲೋಚನೆ ಎಂದು ಕರೆದುಕೊಂಡ. ಸಾಪೇಕ್ಷತಾ ಸಿದ್ಧಾಂತದ ಸಾಮಾನ್ಯ ರೂಪಕ್ಕೆ ಅಡಿಗಲ್ಲಾದದ್ದು ಅದು.

ಹೋಗಲಿ, ‘ಗುರುತ್ವವಿಲ್ಲ’ ಎಂದರೇನು, ‘ಬೀಳುತ್ತಿದ್ದಾರೆ’ ಎಂದರೇನು, ತೇಲುವವರಿಗೆ ಎರಡೂ ಒಂದೇ ಅಲ್ಲವೇ? ಅಲ್ಲ. ಒತ್ತು ತಪ್ಪಿದ ದೇಹದಲ್ಲಿ ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ, ಸ್ನಾಯುಗಳು ಸೊರಗುತ್ತವೆ. ಕಾಣೆಯಾದದ್ದು ಗುರುತ್ವವಲ್ಲ, ಒತ್ತು ಎಂದು ತಿಳಿದರೆ ಪರಿಹಾರದ ದಾರಿಯೂ ಕಾಣುತ್ತದೆ. ಒತ್ತನ್ನು ಬೇರೆ ರೀತಿಯಲ್ಲಿ ಒದಗಿಸಿದರಾಯಿತು. ನಿಲ್ದಾಣದಲ್ಲಿ ಪಟ್ಟಿಯಿಂದ ಮೈಯನ್ನು ಕೆಳಕ್ಕೆ ಬಿಗಿದುಕೊಂಡು ಓಡುವ ವ್ಯಾಯಾಮ ಅದಕ್ಕಾಗಿಯೇ. 1984ರ ಏಪ್ರಿಲ್‌ನಲ್ಲಿ ಸೋವಿಯತ್ ನಿಲ್ದಾಣ ಸಲ್ಯೂತ್ 7ರಲ್ಲಿದ್ದ ರಾಕೇಶ್ ಶರ್ಮಾ ಯೋಗಾಸನ ಮಾಡಿ ನೋಡಿದ್ದೂ ಈ ತೂಕವಿಲ್ಲದ ಸ್ಥಿತಿಯನ್ನು ಎದುರಿಸಲು.

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ ಜೊತೆಯಲ್ಲಿ ಹೆಸರುಕಾಳು, ಮೆಂತ್ಯದ ಬೀಜಗಳೂ ಹೋದವು. ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿಯವರದು. ಮಣ್ಣಿನಲ್ಲಿ ಬಿದ್ದ ಬೀಜ ಯಾವ ಮಗ್ಗುಲಾದರೂ ಬೇರು ಕೆಳಕ್ಕೇ ಇಳಿಯುತ್ತದೆ. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳು ತಳಕ್ಕೆ ಕೂರುತ್ತವೆ; ಕೆಳಗು ಯಾವುದೆಂದು ಬೇರಿಗೆ ತಿಳಿಯುವುದು ಅದರಿಂದ. ಬೀಳುವ ನಿಲ್ದಾಣದಲ್ಲಿ ಕಣ, ಬೇರು, ತಟ್ಟೆ ಎಲ್ಲವೂ ಒಟ್ಟಿಗೆ ಬೀಳುತ್ತಿರುತ್ತವೆ. ಕಣಗಳು ಕೂರಲು ತಳವೇ ಇಲ್ಲ. ಆದರೂ ಕಾಳುಗಳು ಮೊಳೆತವು. ಶುಕ್ಲಾ ಮೊಳಕೆಗಳ ಚಿತ್ರ ತೆಗೆದು, ಧಾರವಾಡದವರ ಪರೀಕ್ಷೆಗೆಂದು ಶೈತ್ಯಪೆಟ್ಟಿಗೆಯಲ್ಲಿ ಇಟ್ಟರು.